ಮೂರೂರಿನ ಮೇಷ್ಟ್ರು

"ನಮ್ ಮ್ಯಾತ್ಸ್ ಮೇಷ್ಟ್ರು ಒಂದೇ ಹೊತ್ಗೆ ಮೂರೂರಲ್ಲಿ ಪಾಠ ಮಾಡ್ತಾರೆ ಮೇಡಮ್ಮೋರೇ! ಅಂಥೋರು ಇಡೀ ಪರ್ಪಂಚದಲ್ಲೇ ಇಲ್ಲ."

ಅರಕೆರೆ ಕಡೆಯ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿ ಪದ್ಮ ಅವರ ಎದುರು ಕೂತು ತಿಮ್ಮೇಶ ಈ ಮಾತು ಬಿಟ್ಟಾಗ, ಗೋಡೆಯ ಮೇಲಿನ ಹಲ್ಲಿ ಕೂಡ ಲೊಚಗುಟ್ಟಲು ಹೆದರಿತು.

ಅವನು ಬಂದಿದ್ದು ಬಿಂಡಿಗನವಿಲೆಯಾಚೆಯ ಹಳ್ಳಿಯಿಂದ. ಮಗಳು ಅಂಬಿಕಳನ್ನು ಅಕ್ಕನ ಮನೆಯಲ್ಲಿ ಬಿಟ್ಟು, ಇಲ್ಲಿ ಹತ್ತನೇ ಕ್ಲಾಸಿಗೆ ಸೇರಿಸಬೇಕಿತ್ತು. ಕೈಮುಗಿದು ಒಂದು ಸೀಟು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಪಕ್ಕದಲ್ಲಿ ಭಾವ ಶಿವಲಿಂಗಯ್ಯ ಕೂತಿದ್ದ. ನಾಲೆ ನೀರಲ್ಲಿ ಗದ್ದೆ ಮಾಡುವ ಭಾವನೆದುರು ಕುರಿ ಸಾಕುವ ತಿಮ್ಮೇಶ ತಗ್ಗುವುದುಂಟೇ?

ಭಾವ ತಲೆಯ ಮೇಲಿನ ಫ್ಯಾನು ತೋರಿಸಿದ. "ನೋಡ್ಲಾ, ನಮ್ ದೊಡ್ಡಪ್ಪ ಕೊಟ್ಟಿದ್ದು." ಆ ಶಾಲೆಯ ಒಂದೊಂದು ಫ್ಯಾನಿನ ರೆಕ್ಕೆಯ ಮೇಲೂ ದಾನಿಗಳ ಹೆಸರಿತ್ತು, ಸ್ವಿಚ್ಚು ಒತ್ತಿದರೆ ಊರಿನ ಹಿರಿಯರೆಲ್ಲ ಗಿರಗಿರ ತಿರುಗುತ್ತಿದ್ದರು.

"ನಮ್ಗೆ ಫ್ಯಾನ್ಯಾಕೆ? ಸೂರಿನಿಂದ್ಲೇ ಗಾಳಿ ಬತ್ತದೆ. ಮಳೆನೂ ಬತ್ತದೆ," ಅಂದ ತಿಮ್ಮೇಶ.

"ರಿಸಲ್ಟು ಚೆನ್ನಾಗೈತೆ ಅಂತ ಸರ್ಕಾರದೋರು ಕಂಪ್ಯೂಟ್ರು ಕೊಟ್ಟವ್ರೆ ಕಣ್ಲಾ ನಮ್ಗೆ."

"ನಮ್ಗೆ ಕಾಗದ ಬರೀತಾರೆ ಕಣ್ ಭಾವ! ಖುದ್ದು ಇಲಾಖೆ ದೊಡ್ ಸಾಹೇಬ್ರೇ!"

ಪದ್ಮ ಅರ್ಜಿಯನ್ನು ಮೆಲ್ಲಗೆ ಅವನ ಕಡೆ ತಳ್ಳಿದರು. "ಹಾಗಾದ್ರೆ ನಮ್ಮ ಶಾಲೆ ನಿಮ್ಮ ಮಗಳಿಗೆ ಸಾಲದು ಬಿಡಿ. ನಮ್ಮ ಮೇಷ್ಟ್ರಿಗೆ ಒಂದೂರಲ್ಲಿ ಪಾಠ ಮಾಡೋದಷ್ಟೇ ಗೊತ್ತು. ಉಳಿದಿರೋದು ಒಂದೇ ಸೀಟು. ಗತಿಯಿಲ್ಲದ ಮಗು ಯಾವುದಾದ್ರೂ ಬಂದ್ರೆ ಕೊಡ್ತೀನಿ."

ತಿಮ್ಮೇಶನ ಬಾಯಿ ಊರಬಾಗಿಲಷ್ಟು ತೆರೆದುಕೊಂಡಿತು. ಪಕ್ಕದಲ್ಲೇ ನಿಂತಿದ್ದ ಅಂಬಿಕ ಅಪ್ಪನ ಕಡೆ ಬೀರಿದ ನೋಟಕ್ಕೆ ಕನ್ನಂಬಾಡಿ ಕಟ್ಟೆಯೇ ಬತ್ತಿಹೋಗಬೇಕಿತ್ತು.

"ಅಪ್ಪಾ, ನಿಜ ಯೋಳ್ಬುಡು. ಇಲ್ದಿದ್ರೆ ನಾನ್ ಫೇಲು."

ಅವನು ಭಾವನ ಮುಖ ನೋಡಲಿಲ್ಲ. ನೆಲವನ್ನೇ ನೋಡುತ್ತ ಹೇಳಿದ: "ಮೂರೂರ ಇಸ್ಕೂಲಲ್ಲೂ ಅವ್ರ ಹೆಸ್ರು ಐತೆ ಮೇಡಮ್ಮೋರೇ. ಮೂರಕ್ಕೂ ಒಬ್ರೇ ಮೇಷ್ಟ್ರು. ಅವ್ರು ಜಾಸ್ತಿ ಇರೋದು ಬಸ್ಸಲ್ಲಿ. ಕಾಗದ ಬಂದದ್ದು ಮಾತ್ರ ನಿಜ. ಮ್ಯಾತ್ಸಲ್ಲಿ ಇಷ್ಟೊಂದು ಮಕ್ಳು ಯಾಕೆ ಫೇಲು, ಕಾರಣ ಕೊಡಿ ಅಂತ ಕೇಳವ್ರೆ."

ಪದ್ಮ ಅರ್ಜಿಯನ್ನು ಮತ್ತೆ ತಮ್ಮ ಕಡೆ ಎಳೆದುಕೊಂಡು ಪೆನ್ನು ತೆಗೆದರು. "ಅದಕ್ಕೆ ನಿಮ್ಮ ಶಾಲೆಯೋರು ಏನಂತ ಉತ್ತರ ಬರೆದ್ರು?"

"ಎಲ್ಲಿ ಬರೆಯೋದು? ಮೇಷ್ಟ್ರು ಇನ್ನೂ ಬಸ್ಸಿಳಿದಿಲ್ಲ."