ಫೈನಲ್‌ವಾಲಾ ಅಂಬಾರಾಯ

ಲೀಗ್ ಪಂದ್ಯಗಳಲ್ಲಿ ಎಮ್ಮೆಯ ಹಾಗೆ ನಿಂತಿರುವವನು ಸೆಮಿಫೈನಲ್ ಬಂದರೆ ಸಾಕು, ಹುಲಿಯಾಗುತ್ತಾನೆ. ಇಂಥ ಆಟಗಾರರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಹಾಕಿ ಕ್ಲಬ್ಬಿನಲ್ಲಿ ಅಂಥವನು ಅಂಬಾರಾಯ. ನಾನು ಶಿವರಾಜ, ಕ್ಯಾಪ್ಟನ್. ಹದಿನಾಲ್ಕು ಲೀಗ್ ಪಂದ್ಯಗಳಲ್ಲಿ ಮೊಣಕಾಲು ಒಡೆದುಕೊಂಡು ತಂಡವನ್ನು ಮೇಲೆ ತರುವವನು ನಾನು. ಆ ಹದಿನಾಲ್ಕರಲ್ಲಿ ಅವನು ಹೊಡೆಯುವುದು ಎರಡು ಗೋಲು. ಕೊನೆಯ ಎರಡು ಪಂದ್ಯಗಳಲ್ಲಿ ಐದು. ಹಾರ ಅವನಿಗೆ, ಫೋಟೊದ ನಡುವೆ ಅವನು. ನಮ್ಮ ತಂಡದ ಮರಾಠಿ ಹುಡುಗ ಸ್ವಪ್ನಿಲ್ ಅಂತೂ ಅವನನ್ನು ಕಂಡೊಡನೆ "ಫೈನಲ್‌ವಾಲಾ ಆಲಾ!", ಫೈನಲ್‌ನವನು ಬಂದ, ಎಂದು ಕುಣಿಯುತ್ತಿದ್ದ.

"ಲೀಗಿನ್ಯಾಗ ನಿದ್ದಿ ಹೊಡಿತೀ, ಫೈನಲ್‌ಗೆ ಎಚ್ಚರಾಗ್ತೀ. ನಾಚಿಕಿ ಅನ್ನೂದು ಅದ ಏನು ನಿನಗ?" ಎಂದು ಎಲ್ಲರೆದುರು ಬೈದಿದ್ದೇನೆ.

ಅವನು ಸ್ಟಿಕ್ಕಿನ ಟೇಪು ಸುತ್ತುತ್ತ "ಹೌದ್ರಿ ಕ್ಯಾಪ್ಟನ್" ಎನ್ನುತ್ತಿದ್ದ. ಆ 'ಹೌದ್ರಿ' ಕೇಳಿ ನನ್ನ ಸಿಟ್ಟು ಇನ್ನೂ ಏರುತ್ತಿತ್ತು.

ಈ ವರ್ಷ ಸಿಟ್ಟಿಗೆ ದೊಡ್ಡ ಕಾರಣವಿತ್ತು. ಪಿಂಪ್ರಿ ಕಡೆಯ ಒಂದು ಕಾರ್ಖಾನೆಯವರು ತಮ್ಮ ತಂಡಕ್ಕೆ ನಮ್ಮಲ್ಲಿ ಒಬ್ಬನನ್ನು ಖಾಯಂ ನೌಕರಿ ಕೊಟ್ಟು ತೆಗೆದುಕೊಳ್ಳುವವರಿದ್ದರು. ಒಬ್ಬನನ್ನೇ. ಫೈನಲ್ ನೋಡಿ ತೀರ್ಮಾನ. ನನಗೆ ಇಪ್ಪತ್ತೆಂಟು, ಮಗರಪಟ್ಟಾದ ಗುತ್ತಿಗೆ ಕೆಲಸ ಮುಂದಿನ ತಿಂಗಳು ಮುಗಿಯುತ್ತಿತ್ತು. ಆಮೇಲೆ ಅಪ್ಪನ ಉಳ್ಳಾಗಡ್ಡಿ ಅಂಗಡಿಯೇ ಗತಿ.

ಶುಕ್ರವಾರ ಅಪ್ಪ ಕನ್ನಡಕ ಮರೆತು ಹೋಗಿದ್ದರು. ಅದನ್ನು ಕೊಡಲು ಎಷ್ಟೋ ವರ್ಷಗಳ ಮೇಲೆ ಮಾರ್ಕೆಟ್ ಯಾರ್ಡಿಗೆ ಹೋದೆ. ನಮ್ಮದೇ ಅಂಗಡಿಯೆದುರು ಲಾರಿಯಿಂದ ಚೀಲ ಹೊತ್ತು ತರುತ್ತಿದ್ದವನು ಅಂಬಾರಾಯ.

ಹಮಾಲ. ಬೆಳಗಿನ ಜಾವ ಮೂರಕ್ಕೇ ಚೀಲ ಹೊರಲು ಶುರು. ಲೀಗ್ ಪಂದ್ಯಗಳೆಲ್ಲ ವಾರದ ದಿನ, ಬೆಳಿಗ್ಗೆ ಏಳೂವರೆಗೆ. ಸೆಮಿಫೈನಲ್, ಫೈನಲ್ ಮಾತ್ರ ಶನಿವಾರ. ಶನಿವಾರ ಯಾರ್ಡಿಗೆ ರಜೆ. ಹುಲಿಯೂ ಇಲ್ಲ, ಎಮ್ಮೆಯೂ ಇಲ್ಲ. ಆ ಎರಡು ದಿನ ಮಾತ್ರ ಅವನು ನಿದ್ದೆ ಮಾಡಿ ಬರುತ್ತಿದ್ದ.

"ನಾ ಗೂಳಪ್ಪನವರ ಮಗಾ ಅಂತ ನಿನಗ ಗೊತ್ತಿತ್ತೇನು?" ಎಂದೆ.

"ಮೊದಲನೇ ದಿನಾನೇ ಗೊತ್ತಿತ್ರಿ."

"ಮತ್ತ ಇಲ್ಲಿ ದುಡಿತೀನಿ ಅಂತ ಯಾಕ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ರಿ." ಅವನು ಚೀಲ ಇಳಿಸಿ ಬೆವರು ಒರೆಸಿಕೊಂಡ. "ಈ ಸಲ ಮೈದಾನ ಸಿಗ್ಲಿಲ್ಲಂತ ಫೈನಲ್ ರವಿವಾರಕ್ಕ ಹೋಗ್ಯದರಿ. ರವಿವಾರ ಭಾಳ ಮಾಲು ಬರ್ತದ. ನಾ ಕೇಳಿದ್ರ ಸಾವ್ಕಾರ್ರು ಬಿಡಂಗಿಲ್ಲ. ನೀವೊಂದು ಮಾತು ಹೇಳ್ರಿ ಕ್ಯಾಪ್ಟನ್."

"ಹೇಳ್ತೀನಿ" ಎಂದೆ.

ಶನಿವಾರ ಮಧ್ಯಾಹ್ನ ಅಪ್ಪ ನನ್ನೆದುರೇ ಊಟಕ್ಕೆ ಕೂತಿದ್ದರು. "ನಾಳೆ ಶಿರೂರಿಂದ ಮೂರು ಲಾರಿ ಬರ್ತಾವ" ಎಂದರು. ನಾನು ರೊಟ್ಟಿ ಮುರಿದುಕೊಂಡೆ. ಮರೆತೆ ಎಂದು ಸುಳ್ಳು ಹೇಳಲಾರೆ. ಹೇಳಬಾರದೆಂದೇ ಬಾಯಿ ಮುಚ್ಚಿಕೊಂಡೆ. ಮೂರು ವರ್ಷ ನನ್ನ ಹಾರ ಕಸಿದವನಿಗೆ ನೌಕರಿಯನ್ನೂ ನಾನೇ ಕೈಯೆತ್ತಿ ಕೊಡಬೇಕೇ?

ರವಿವಾರ ಅವನು ಬಂದಾಗ ತಂಡ ಆಗಲೇ ಸಾಲಾಗಿ ನಿಂತಿತ್ತು. ತಲೆಗೂದಲಲ್ಲಿ ಉಳ್ಳಾಗಡ್ಡಿ ಸಿಪ್ಪೆ. ಒಂದು-ಒಂದು ಸಮವಿದ್ದಾಗ, ಕೊನೆಯ ನಿಮಿಷಗಳಲ್ಲಿ ನಮಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಅವನು ಹೊಡೆದ ಚೆಂಡು ಗೋಲ್‌ಕೀಪರನ ಕಾಲಿಗೆ ಮೆಲ್ಲಗೆ ಉರುಳಿಹೋಯಿತು. ಎದುರಾಳಿಗಳು ಅದನ್ನೇ ತಳ್ಳಿಕೊಂಡು ಓಡಿ ಗೋಲು ಹೊಡೆದರು. ಸೋತೆವು. ಸ್ವಪ್ನಿಲ್ ಹುಲ್ಲಿನ ಮೇಲೆ ಮುಖ ಮುಚ್ಚಿಕೊಂಡು ಕೂತ.

ಕಾರ್ಖಾನೆಯ ಕೋಚ್ ನನ್ನ ಹೆಗಲ ಮೇಲೆ ಕೈಯಿಟ್ಟು, ವರ್ಷವೆಲ್ಲ ಒಂದೇ ಸಮ ಆಡುವವನೇ ನಮಗೆ ಬೇಕು ಎಂದು ಮರಾಠಿಯಲ್ಲಿ ಹೇಳಿದ. ಸೋಮವಾರ ಕಾಗದಪತ್ರ ತರಬೇಕಂತೆ. ಖುಷಿಯಾಯಿತು, ಖರೆ.

ಆಟದ ಚೀಲ ಹೆಗಲಿಗೇರಿಸಿಕೊಂಡು ಅಂಬಾರಾಯ ನನ್ನ ಹತ್ತಿರ ಬಂದ.

"ಮುಂಜಾನೆ ಸಾವ್ಕಾರ್ರಿಗೆ ನಾನೇ ಕೇಳಿದ್ನಿರಿ, ಮಗಾ ಏನರ ಹೇಳ್ಯಾರೇನು ಅಂತ. ಏನೂ ಹೇಳಿಲ್ಲ ಅಂದ್ರು. ಅಂವ ಹೇಳಿದ್ರ ಬಿಡ್ತಿದ್ದೆ ಅಂದ್ರು."

ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ.

"ನಾಳೆ ಎರಡು ಲಾರಿ ಅದಾವಂತ. ನಾ ಬರ್ತೀನಿ ಅಂತ ನಿಮ್ಮಪ್ಪಾರಿಗೆ ಹೇಳ್ರಿ, ಸಣ್ಣ ಸಾವ್ಕಾರ್ರ. ಇದನ್ನಾದ್ರೂ ಹೇಳ್ರಿ."