ಬೋರ್ಡಿನಲ್ಲಿ ಅತ್ತೆಯ ಜಾಗ

ಆ ಮನೆಯ ಕರೆಂಟ್ ಬೋರ್ಡಿನಲ್ಲಿ ಕೋಣೆಗಳ ಹೆಸರಿರಲಿಲ್ಲ, ಮನೆಮಂದಿ ಇದ್ದರು. ಬೇರೆಯವರ ಮನೆಗಳಲ್ಲಿ ಎಂಸಿಬಿ ಎನ್ನುವ, ಲೋಡು ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚುಗಳ ಕೆಳಗೆ ಅಡುಗೆಮನೆ, ಬಚ್ಚಲು, ನಡುಮನೆ ಎಂದು ಬರೆದಿದ್ದರೆ ಇಲ್ಲಿ ಮೇಲಿನಿಂದ ಕೆಳಕ್ಕೆ ‘ಯಜಮಾನ್ತಿ’, ‘ನಾಯಿ’, ‘ಯಜಮಾನ’, ‘ಮಗ’, ‘ಮಗಳು’ ಎಂದು ಚೀಟಿಗಳು ಅಂಟಿದ್ದವು. ಆ ಯಜಮಾನ, ಎಂದರೆ ಸೊಸೆಯ ಪಾಲಿನ ಮಾವ, ಜೀವಮಾನವೆಲ್ಲ ಎಲೆಕ್ಟ್ರಿಷಿಯನ್ ಆಗಿ ದುಡಿದವರು. ಇವತ್ತು ಮಲಗುವ ಕೋಣೆ ನಾಳೆ ಉಗ್ರಾಣವಾದೀತು, ಮನುಷ್ಯ ಮಾತ್ರ ಅವನೇ ಇರುತ್ತಾನೆ ಎಂಬುದು ಅವರ ವಾದ. ಆದದ್ದು ತಿರುಗುಮುರುಗು. ಕೋಣೆಗಳು ಇದ್ದಲ್ಲೇ ಇದ್ದವು, ಮಗಳು ಮದುವೆಯಾಗಿ ಹೋದಳು, ಅತ್ತೆ ತೀರಿಕೊಂಡರು, ಅವರ ಹಿಂದೆಯೇ ನಾಯಿಯೂ ಸತ್ತಿತು. ಬೋರ್ಡಿನಲ್ಲಿ ಮಾತ್ರ ಎಲ್ಲರೂ ಒಟ್ಟಿಗೆ ಸುಖವಾಗಿದ್ದರು.

ಸೊಸೆಯಾಗಿ ಬಂದ ಹೊಸದರಲ್ಲಿ ಒಂದು ದಿನ ಗಂಡ “ಅಪ್ಪ ಟ್ರಿಪ್ ಆಗಿದಾರೆ, ಬೇಗ ನೋಡು!” ಎಂದು ಕೂಗಿದಾಗ ಅವಳು ಗಾಬರಿಬಿದ್ದು ನೀರಿನ ಚೊಂಬು ಹಿಡಿದು ಓಡಿ ಮಾವನ ಮುಖಕ್ಕೆ ಎರಚಿದ್ದಳು. ಮಾವ ಆಗ ಆರಾಮವಾಗಿ ಪೇಪರ್ ಓದುತ್ತಿದ್ದರು. ಬಿದ್ದಿದ್ದು ಬೋರ್ಡಿನ ‘ಯಜಮಾನ’. ಆಮೇಲೆ ಅವಳಿಗೂ ರೂಢಿಯಾಯಿತು. “ಮಗಳನ್ನ ಆಫ್ ಮಾಡ್ರೀ, ಗೀಸರ್ ರಿಪೇರಿಗೆ ಬಂದಿದಾರೆ” ಎಂದು ಅವಳೇ ಕೂಗುವ ಮಟ್ಟಕ್ಕೆ ಬಂದಳು. ಅವಳಿಗೆಂದು ಬೇರೆ ಚೀಟಿ ಯಾರೂ ಅಂಟಿಸಲಿಲ್ಲ. ಮಗನ ಲೈನಿನಲ್ಲೇ ಸಂಸಾರ ಮಾಡಿದಳು.

ಈಗ ಅವಳ ಬದುಕು ಒಂದು ಪ್ಲಗ್ ಪಾಯಿಂಟಿಗೆ ಬಂದು ನಿಂತಿತ್ತು. ಫರ್ನಿಚರ್ ಫ್ಯಾಕ್ಟರಿಯಲ್ಲಿ ಅವಳನ್ನು ಬಡಗಿ ಕೆಲಸಕ್ಕೆಂದು ಸೇರಿಸಿಕೊಂಡು, ಬೇರೆಯವರು ಮಾಡಿದ ಕುರ್ಚಿಗಳಿಗೆ ವರ್ಷಗಟ್ಟಲೆ ಸ್ಯಾಂಡ್ ಪೇಪರ್ ಉಜ್ಜಿಸಿದ್ದರು. ರೋಸಿಹೋಗಿ ಒಂದು ದಿನ ಸೂಪರ್‌ವೈಸರಿಗೆ “ನಿಮ್ಮ ಕುರ್ಚಿ ನೀವೇ ಉಜ್ಕೊಳ್ಳಿ” ಎಂದು ಹೇಳಿ ಮನೆಗೆ ಬಂದಳು. ಹೇಳುವಾಗ ಬಹಳ ಚೆನ್ನಾಗಿತ್ತು. ಬಂದವಳೇ ಕಾರನ್ನು ಬೀದಿಗೆ ತಳ್ಳಿ ಗ್ಯಾರೇಜಿನಲ್ಲಿ ಗರಗಸದ ಮೆಷಿನ್ ಹೂಡಿದಳು. ಶಿಶುವಿಹಾರವೊಂದು ಮಕ್ಕಳಿಗೆ ಪುಟ್ಟ ಕುರ್ಚಿ ಮಾಡಿಕೊಡಲು ಆರ್ಡರ್ ಕೊಟ್ಟಿತು. ಮುಂದಿನ ವಾರ ಮೊದಲ ಕುರ್ಚಿಗಳು ಬರದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದೂ ಹೇಳಿತು. ಆದರೆ ಮೆಷಿನ್ ಚಾಲೂ ಮಾಡಿದರೆ ಸಾಕು, ‘ಮಗ’ ಟಪ್ಪೆಂದು ಬೀಳುತ್ತಿದ್ದ. ಮಗನೊಂದಿಗೆ ಫ್ರಿಜ್ಜು, ಅಡುಗೆಮನೆಯ ದೀಪ, ಗಂಡನ ಕಂಪ್ಯೂಟರು ಎಲ್ಲ ಮಲಗುತ್ತಿದ್ದವು. ಒಂದು ಕುರ್ಚಿಯ ಒಂದು ಕಾಲು ಕೂಡ ಪೂರ್ತಿ ಕೊಯ್ದಾಗಿರಲಿಲ್ಲ. ಫ್ಯಾಕ್ಟರಿಯ ಸೂಪರ್‌ವೈಸರ್ ಫೋನ್ ಮಾಡಿ “ನಿಮ್ಮ ಸ್ಯಾಂಡ್ ಪೇಪರ್ ಹಾಗೇ ಇಟ್ಟಿದೀವಿ” ಎಂದು ನಕ್ಕಿದ್ದ. ಆ ನಗು ನೆನಪಾದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಹೊರಗಿನ ಎಲೆಕ್ಟ್ರಿಷಿಯನ್ನನ್ನು ಕರೆಯುವಂತಿರಲಿಲ್ಲ. ಹಿಂದೊಮ್ಮೆ ಬಂದವನೊಬ್ಬನನ್ನು ಮಾವ “ಟೆಸ್ಟರ್ ಹಿಡಿಯೋ ರೀತಿನಾ ಇದು? ಇಡ್ಲಾ ಕೆಳಗೆ!” ಎಂದು ಗದರಿ ಓಡಿಸಿದ್ದರು. ಈ ಕೆಲಸಕ್ಕೆ ಮಾತ್ರ ಅವರೇ ಸಡಗರದಿಂದ ಎದ್ದು ನಿಂತರು. ಮನೆಯ ದೊಡ್ಡ ಬೋರ್ಡಿನಿಂದ ಹೆಬ್ಬೆರಳು ದಪ್ಪದ ಕೇಬಲ್ ಎಳೆಯುವುದು, ಗ್ಯಾರೇಜಿನ ಗೋಡೆಗೆ ಅದರದ್ದೇ ಒಂದು ಚಿಕ್ಕ ಬೋರ್ಡ್ ಕೂರಿಸುವುದು, ಗರಗಸಕ್ಕೊಂದು, ಡ್ರಿಲ್ಲಿಗೊಂದು, ದೀಪಕ್ಕೊಂದು ಎಂಸಿಬಿ ಕೊಡುವುದು. ಗೋಡೆ ಕೊರೆದದ್ದಾಯಿತು, ಪೈಪು ಕೂತಿತು, ಕೇಬಲ್ಲೂ ಬಂತು. ಕೊನೆಗೆ ದೊಡ್ಡ ಬೋರ್ಡಿನ ಬಾಗಿಲು ತೆಗೆದು ನಿಂತಾಗ ಸಮಸ್ಯೆ ಎದುರಾಯಿತು. ಗ್ಯಾರೇಜಿಗೆ ಹೋಗುವ ಹೊಸ ಎಂಸಿಬಿ ಜೋಡಿಹಲ್ಲಿನಂತೆ ಎರಡು ಎಂಸಿಬಿ ಕೂರುವಷ್ಟು ಅಗಲ ಇತ್ತು. ಬೋರ್ಡಿನಲ್ಲಿ ಒಂದು ಜಾಗವೂ ಖಾಲಿ ಇರಲಿಲ್ಲ.

“ನಾಯಿನ ತೆಗೀಬಹುದು” ಎಂದರು ಮಾವ. ನಾಯಿ ಸತ್ತಾಗಲೇ ಅವರು ಅದನ್ನು ಆಫ್ ಮಾಡಿದ್ದರು.

“ಅದು ಒಂದಾಯ್ತು. ಪಕ್ಕದ್ದು?” ಎಂದಳು ಸೊಸೆ. ಕೇಳಬಾರದಿತ್ತು ಎಂದು ಅವಳಿಗೂ ಗೊತ್ತಿತ್ತು. ಪಕ್ಕದ್ದು ‘ಯಜಮಾನ್ತಿ’. ಗ್ಯಾರೇಜಿಗೆ ಅಂಟಿಕೊಂಡಿರುವ, ಅತ್ತೆ ಬಟ್ಟೆ ಹೊಲಿಯುತ್ತಿದ್ದ ಕೋಣೆಯ ಲೈನು ಅದು. ಅತ್ತೆ ಹೋದ ಮೇಲೆ ಮಾವ ಆ ಕೋಣೆಗೆ ಬೀಗ ಜಡಿದಿದ್ದರು, ಅಲ್ಲಿ ದೀಪ ಹಚ್ಚುವವರೇ ಇರಲಿಲ್ಲ. ಆದರೂ ಆ ಒಂದು ಎಂಸಿಬಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ಮಲಗುವ ಮುಂಚೆ ಮಾವ ಬೋರ್ಡಿನ ಹತ್ತಿರ ಬಂದು, ಅದು ಮೇಲಿದೆಯೋ ಇಲ್ಲವೋ ಎಂದು ಬೆರಳಿನಿಂದ ಮುಟ್ಟಿ ನೋಡಿ, ಆಮೇಲೆ ಹೋಗಿ ಮಲಗುತ್ತಿದ್ದರು.

“ಅವಳ ಸುದ್ದಿಗೆ ಬರಬೇಡ” ಎಂದರು ಮಾವ.

“ಬಿಸಾಕೋದಲ್ಲ ಮಾವ. ಆ ಲೈನನ್ನ ಗ್ಯಾರೇಜಿನ ಬೋರ್ಡಿಗೆ ತಗೊಂಡ್ರಾಯ್ತು. ಗೋಡೆ ಪಕ್ಕದ್ದೇ ಅಲ್ವಾ?”

“ನಿನ್ನ ಬೋರ್ಡಿಗೆ? ಅವಳು?” ಮಾವ ಕನ್ನಡಕದ ಮೇಲಿನಿಂದ ನೋಡಿದರು. “ಬದುಕಿದ್ದಾಗ ನೀವಿಬ್ರೂ ಒಂದು ಅಡುಗೆಮನೇಲಿ ಅರ್ಧ ಗಂಟೆ ನೆಟ್ಟಗೆ ಇದ್ದದ್ದು ನಾನಂತೂ ಕಾಣೆ.”

ಬೇರೆ ಯಾರನ್ನಾದರೂ ಎಬ್ಬಿಸಬಹುದೇ ಎಂದು ನೋಡಿದರು. ‘ಮಗಳು’ ಗೀಸರಿಗೆ ಬೇಕು. ‘ಮಗ’ ಫ್ರಿಜ್ಜಿಗೆ ಬೇಕು. ‘ಯಜಮಾನ’ನನ್ನು ತೆಗೆದರೆ ಟಿವಿ ಹೋಗುತ್ತದೆ, ಅದು ಮಾವನ ಪ್ರಾಣ ಹೋದ ಹಾಗೆಯೇ. ಇಡೀ ಬೋರ್ಡನ್ನೇ ದೊಡ್ಡದು ಹಾಕೋಣ ಎಂದು ಗಂಡ ಬಾಯಿ ಹಾಕಿದ. ಹಾಗೆ ಮಾಡಲು ಕರೆಂಟಿನ ಆಫೀಸಿಗೆ ಅರ್ಜಿ ಕೊಟ್ಟು, ಕಂಬದಲ್ಲಿ ಲೈನ್ ತೆಗೆಸಿ, ಗೋಡೆ ಒಡೆದು, ಕುರ್ಚಿ ಕೇಳಿದ ಮಕ್ಕಳು ಕಾಲೇಜಿಗೆ ಹೋಗುವ ಹೊತ್ತಾಗುತ್ತದೆ ಎಂದು ಹೆಂಡತಿ ಅವನ ಬಾಯಿ ಮುಚ್ಚಿಸಿದಳು.

ಅವಳಿಗೆ ಸಿಟ್ಟು ನೆತ್ತಿಗೇರಿತ್ತು. ಸತ್ತವರಿಗೆ ಎಂಸಿಬಿ, ಇದ್ದವಳಿಗೆ ಸ್ಯಾಂಡ್ ಪೇಪರ್ ಎಂದು ಮನಸ್ಸಿನಲ್ಲೇ ಬೈದುಕೊಂಡಳು. ಬೈದುಕೊಂಡ ಮರುಗಳಿಗೆಯೇ ನಾಚಿಕೆಯಾಯಿತು, ಮುದುಕನ ಮುಖ ನೋಡಲಾಗಲಿಲ್ಲ. ಆದರೆ ನಾಚಿಕೆಯಿಂದ ಗರಗಸ ತಿರುಗುವುದಿಲ್ಲವಲ್ಲ.

“ಮೊದಲು ಯಾವ ಲೈನ್ ಎಲ್ಲಿಗೆ ಹೋಗಿದೆ ಅಂತ ನೋಡೋಣ. ಚೀಟಿ ನಂಬಿ ಬೋರ್ಡ್ ಬಿಚ್ಚಬಾರದು ಅಂತ ನೀವೇ ಹೇಳೋದು” ಎಂದಳು.

“ಬೇರೆಯವರ ಚೀಟಿ ನಂಬಬಾರದು ಅಂದಿದ್ದು. ಇದು ನನ್ನ ಬೋರ್ಡು” ಎಂದು ಮಾವ ಗೊಣಗಿದರು. ಆದರೂ ನಿಯಮ ಅವರದ್ದೇ ಆದ್ದರಿಂದ ಒಪ್ಪಿದರು. ಸೊಸೆ ಒಂದೊಂದೇ ಎಂಸಿಬಿ ಇಳಿಸುತ್ತ ಬಂದಳು. ಗಂಡ ಕೋಣೆಯಿಂದ ಕೋಣೆಗೆ ಓಡುತ್ತ, ಹರಾಜು ಕೂಗುವವನ ಹಾಗೆ, ಏನೇನು ನಿಂತಿತು ಎಂದು ಕೂಗುತ್ತಿದ್ದ. ಮಗಳು ಸರಿ. ಮಗ ಸರಿ. ಯಜಮಾನ ಸರಿ. ಅವಳ ಬೆರಳು ಮೇಲಿನ ತುದಿಗೆ ಬಂತು.

“ಅದು ಬಿಡು” ಎಂದರು ಮಾವ.

ಬಿಡು ಎಂದದ್ದಕ್ಕೇ ಅವಳ ಕೈ ಅದನ್ನು ಕೆಳಗೆಳೆಯಿತು. ಯಾವ ಕೋಣೆಯಲ್ಲೂ ಏನೂ ಆರುವುದಿಲ್ಲ, ಆಗ ಈ ಹಟಕ್ಕೆ ಅರ್ಥವಿಲ್ಲವೆಂದು ಮಾವನಿಗೇ ತಿಳಿಯಲಿ ಎಂಬ ಕೆಟ್ಟ ಬುದ್ಧಿ ಅವಳದು. ಮಾವ ಬಾಯಿ ತೆರೆದರು. ಅವರು ಬೈಯುವ ಮುಂಚೆಯೇ ಹಿತ್ತಲಿನಿಂದ ಗಂಡನ ಕೂಗು ಬಂತು.

“ವಾಷಿಂಗ್ ಮೆಷಿನ್ ನಿಂತೋಯ್ತು!”

ಸೊಸೆ ಎಂಸಿಬಿ ಮೇಲೆತ್ತಿದಳು. “ಬಂತು!” ಎಂದ ಗಂಡ. ಇಳಿಸಿದಳು. “ಹೋಯ್ತು! ಏನ್ ಆಟ ಆಡ್ತಿದೀರಾ ನೀವಿಬ್ರೂ? ನನ್ನ ಪ್ಯಾಂಟೆಲ್ಲ ಸೋಪಿನ ನೀರಲ್ಲಿದೆ!”

ಮಾವ ಅವಳ ಕೈ ಸರಿಸಿ ತಾವೇ ಮೇಲೆ ಕೆಳಗೆ ಮಾಡಿ ನೋಡಿದರು. ಹಿತ್ತಲಿನಿಂದ ಬಂತು, ಹೋಯ್ತು, ಬಂತು, ಹೋಯ್ತು ಎಂದು ಉತ್ತರ ಬರುತ್ತಲೇ ಇತ್ತು. ವಾಷಿಂಗ್ ಮೆಷಿನ್ ಇದ್ದದ್ದು ಹಿಂದೆ ನಾಯಿಗೂಡು ಇದ್ದ ಜಾಗದಲ್ಲಿ. ಗೂಡು ಕಿತ್ತ ಮೇಲೆ ಅಲ್ಲೇ ಉಳಿದಿದ್ದ ಪ್ಲಗ್ಗಿಗೆ ಮಗ ಮೆಷಿನ್ ಸಿಕ್ಕಿಸಿದ್ದ. ಕರೆಂಟ್ ಬಂತು, ಎಲ್ಲಿಂದ ಬಂತೆಂದು ಕೇಳುವ ಜಾತಿಯಲ್ಲ ಅವನದು.

ಮಾವನ ಮುಖದ ಬಣ್ಣ ಇಳಿಯಿತು. ‘ಯಜಮಾನ್ತಿ’ಯನ್ನು ಮೇಲೆತ್ತಿ ಬಿಟ್ಟು, ಒಳಗೆ ಹೋಗಿ ಬೀಗದಕೈ ತಂದರು. ಹೊಲಿಗೆ ಕೋಣೆಯ ಬಾಗಿಲು ಕಿರ್ರೆಂದು ತೆರೆಯಿತು. ಪರದೆ ಎಳೆದ ಕತ್ತಲಲ್ಲಿ ತಡಕಾಡಿ ಸ್ವಿಚ್ ಒತ್ತಿದರು. ದೀಪ ಹತ್ತಲಿಲ್ಲ. ಇನ್ನೊಮ್ಮೆ ಒತ್ತಿದರು. ಹತ್ತಲಿಲ್ಲ. ಸೊಸೆ ಬೋರ್ಡಿನ ಹತ್ತಿರದಿಂದಲೇ ಅದನ್ನು ನೋಡಿದಳು. ಅವಳು ‘ನಾಯಿ’ಯನ್ನು ಮೇಲೆತ್ತಿದಳು. ಆ ಕೋಣೆಯಿಂದ ಬೆಳಕು ಹೊರಗೆ ಬಿತ್ತು.

ಅವಳು ಬಾಗಿಲಿಗೆ ಬಂದಾಗ ಮಾವ ಹೊಲಿಗೆ ಮೆಷಿನ್ನಿನ ಮುಂದಿನ ಸ್ಟೂಲಿನ ಮೇಲೆ ಕುಸಿದು ಕೂತಿದ್ದರು.

“ಚೀಟಿ ಬರೆದಿದ್ದು ಅವಳು” ಎಂದರು. “ನಾನು ವೈರ್ ಹಾಕಿದ್ದ ಲೆಕ್ಕದಲ್ಲಿ ಮೇಲೆ ನಾಯಿ ಬರಬೇಕು, ಕೆಳಗೆ ಅವಳು. ಹಿಡ್ಕೊಂಡ್ಳು ನೋಡು ಜಗಳ. ಈ ಮನೇಲಿ ನಾನು ನಾಯಿಗಿಂತ ಕೆಳಗಾ ಅಂತ. ಚೀಟಿ ಕಿತ್ತು ಅದಲು ಬದಲು ಅಂಟಿಸಿದ್ಳು. ಆಯ್ತು ತಾಯಿ, ನಾಳೆ ವೈರೂ ಬದಲಾಯಿಸ್ತೀನಿ ಅಂದೆ.”

“ಬದಲಾಯಿಸ್ಲಿಲ್ಲ.”

“ಯಾವ ಎಲೆಕ್ಟ್ರಿಷಿಯನ್ ತನ್ನ ಮನೆ ಕೆಲಸ ಮಾಡಿದಾನೆ ಹೇಳು?” ಮಾವ ಅಂಗೈಯಿಂದ ಮುಖ ಉಜ್ಜಿಕೊಂಡರು. “ನಾಯಿ ಸತ್ತಾಗ ನಾಯಿ ಲೈನ್ ಆರಿಸಿದೆ ಅಂದ್ಕೊಂಡೆ. ಆರಿಸಿದ್ದು ಇವಳನ್ನ. ಇಷ್ಟು ವರ್ಷ ಕತ್ತಲಲ್ಲಿ ಕೂರಿಸಿದೆ. ಇವಳು ಇದಾಳೆ ಅಂತ ದಿನಾ ಮುಟ್ಟಿ ನೋಡಿದ್ದು...”

“ವಾಷಿಂಗ್ ಮೆಷಿನ್ನು” ಎಂದ, ಆಗಷ್ಟೇ ಹಿತ್ತಲಿನಿಂದ ಬಂದ ಮಗ. “ಅದಕ್ಕೇ ಅದು ಒಂದು ದಿನಾನೂ ಕೆಟ್ಟಿಲ್ಲ ನೋಡು.”

ಅವನನ್ನು ಅಲ್ಲೇ ಕೊಂದುಬಿಡಬೇಕು ಎನಿಸಿತು ಅವಳಿಗೆ. ಆದರೆ ಮಾವನ ಭುಜ ಕುಲುಕತೊಡಗಿತ್ತು. ನಗು ಬಂದದ್ದು ಮೊದಲೋ ಅಳು ಬಂದದ್ದು ಮೊದಲೋ ಹೇಳುವುದು ಕಷ್ಟ. ಎರಡೂ ಸೇರಿ ಕೆಮ್ಮು ಹತ್ತಿ, ಅವಳು ಬೆನ್ನು ಸವರಬೇಕಾಯಿತು. ಅವಳಿಗೂ ಕಣ್ಣು ತುಂಬಿತ್ತು. ಅತ್ತೆಯನ್ನು ನೆನೆದು ತಾನು ಅಳುವ ದಿನ ಬಂದೀತೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಕೆಮ್ಮು ನಿಂತ ಮೇಲೆ ಮಾವ ಎದ್ದು ನಿಂತರು.

“ತಗೊಂಡ್ಹೋಗು” ಎಂದರು. “ಇವಳ ಲೈನ್ ನಿನ್ನ ಬೋರ್ಡಿಗೇ ಹಾಕೋಣ. ವಾಷಿಂಗ್ ಮೆಷಿನ್ನೂ ಅಲ್ಲಿಗೇ ಬರ್ಲಿ. ನನ್ನ ಬೋರ್ಡಲ್ಲಿದ್ದು ಇವಳು ಏನು ಸುಖ ಕಂಡ್ಳು?”

ಆಮೇಲೆ ಕೆಲಸ ಸರಸರ ನಡೆಯಿತು. ಮೇನ್ ಆಫ್ ಮಾಡಿ, ಕರೆಂಟಿಲ್ಲವೆಂದು ಟೆಸ್ಟರಿನಿಂದ ಖಾತ್ರಿ ಮಾಡಿಕೊಂಡು, ಮಾವ ತಮ್ಮ ಕೈಯಾರೆ ಆ ಎರಡು ಎಂಸಿಬಿಗಳನ್ನು ಕಿತ್ತರು. ಹೆಂಡತಿಯ ಲೈನಿನ ಸ್ಕ್ರೂ ಸಡಿಲಿಸುವಾಗ ಸ್ವಲ್ಪ ತಡವರಿಸಿದರು. ಯಾರೂ ಅವಸರ ಮಾಡಲಿಲ್ಲ. ಗ್ಯಾರೇಜಿನ ಬೋರ್ಡಿನಲ್ಲಿ ಮಗ ನ್ಯೂಟ್ರಲ್ ವೈರನ್ನೂ ಅರ್ತ್ ವೈರನ್ನೂ ಒಂದೇ ಪಟ್ಟಿಗೆ ಬಿಗಿಯಲು ಹೋದಾಗ ಅವನ ಕೈಮೇಲೆ ಚಟೀರೆಂದು ಅಪ್ಪನ ಏಟು ಬಿತ್ತು.

“ಅವೆರಡೂ ಸೇರೋದು ಮೇನಲ್ಲಿ ಮಾತ್ರ. ಇಲ್ಲಿ ಬೇರೆ ಬೇರೆ. ಇಲ್ಲಿ ಸೇರಿಸಿದ್ರೆ ಮೆಷಿನ್ ಮುಟ್ಟಿದವರು ಮೇಲಕ್ಕೆ ಹೋಗ್ತಾರೆ. ನಿನ್ನ ಹೆಂಡ್ತಿ ಬೇಕಾ ಬೇಡ್ವಾ ನಿಂಗೆ?”

“ಬೇಕು” ಎಂದ ಮಗ, ಸ್ವಲ್ಪ ಯೋಚಿಸಿ. ಅವಳು ಕಟಿಂಗ್ ಪ್ಲೇಯರ್ ಎತ್ತಿದ ಮೇಲೆ “ಖಂಡಿತಾ ಬೇಕು” ಎಂದ.

ಎಲ್ಲ ಬಿಗಿದು, ಮತ್ತೊಮ್ಮೆ ತಿರುಗಿಸಿ ನೋಡಿ, ಮೇನ್ ಆನ್ ಮಾಡಿ, ಗ್ಯಾರೇಜಿನ ಎಂಸಿಬಿ ಎತ್ತಿದರು. ಅವಳು ಗರಗಸದ ಗುಂಡಿ ಒತ್ತಿದಳು. ಮೆಷಿನ್ ಗುರ್ರೆಂದು ಭೋರಿಡತೊಡಗಿತು. ಮನೆಯಲ್ಲಿ ಒಂದು ದೀಪವೂ ಮಿಣುಕಲಿಲ್ಲ. ಅವಳು ಮರದ ತುಂಡು ತಳ್ಳಿದಳು, ಪುಟ್ಟ ಕುರ್ಚಿಯ ಒಂದು ಕಾಲು ಪೂರ್ತಿಯಾಗಿ ಕೊಯ್ಯಿಸಿಕೊಂಡು ಈಚೆ ಬಿತ್ತು. ಕುಣಿಯಬೇಕೆನಿಸಿತು. ಸೂಪರ್‌ವೈಸರಿಗೆ ಈ ಸದ್ದನ್ನೇ ಫೋನಿನಲ್ಲಿ ಕೇಳಿಸಬೇಕೆನಿಸಿತು.

ಮೆಷಿನ್ ನಿಲ್ಲಿಸಿ ತಿರುಗಿದರೆ ಮಾವ ಅವಳ ಕಡೆ ನೋಡುತ್ತಲೇ ಇರಲಿಲ್ಲ. ಹೊಲಿಗೆ ಕೋಣೆಯ ಬಾಗಿಲ ಚೌಕಟ್ಟು ಹಿಡಿದು, ದೀಪ ಉರಿಯುತ್ತಿದ್ದ ಖಾಲಿ ಕೋಣೆಯ ಕಡೆ ಕಿವಿಗೊಟ್ಟು ನಿಂತಿದ್ದರು. ಅವರು ಯಾವುದಕ್ಕೆ ಕಾಯುತ್ತಿದ್ದಾರೆಂದು ಅವಳಿಗೆ ತಕ್ಷಣ ಹೊಳೆಯಿತು. ಇಂಥ ಗದ್ದಲವಾದರೆ ಅತ್ತೆ ಎಲ್ಲಿದ್ದರೂ ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದರು. ಈಗ ಯಾರೂ ಬೈಯಲಿಲ್ಲ. ಗರಗಸದ ಗುಂಯ್‌ಗುಡುವಿಕೆ ಪೂರ್ತಿ ಅಡಗಿದ ಮೇಲೂ ಯಾರೂ ಬೈಯಲಿಲ್ಲ. ಮುದುಕನ ಭುಜ ನಿಧಾನವಾಗಿ ಇಳಿಯಿತು.

ಸಮಾಧಾನ ಹೇಳುವುದು ಆ ಮನೆಯ ಪದ್ಧತಿಯಲ್ಲ, ಅವಳಿಗೆ ಅದು ಬರುತ್ತಲೂ ಇರಲಿಲ್ಲ. ಅವಳು ಸೊಂಟದ ಮೇಲೆ ಕೈಯಿಟ್ಟಳು.

“ಮಾವ! ಆ ಮಸಿ ಕೈಲಿ ಬಾಗಿಲು ಹಿಡ್ಕೊಂಡು ನಿಂತಿದೀರಲ್ಲ, ಒರೆಸೋರ್ಯಾರು? ಒಳಗೆಲ್ಲ ಮರದ ಪುಡಿ ತುಂಬ್ತಾ ಇದೆ, ಬಾಗಿಲು ಎಳ್ಕೋಬೇಕು ಅಂತ ಗೊತ್ತಾಗಲ್ವಾ? ಎಲ್ಲಾ ನಾನೇ ಹೇಳ್ಬೇಕಾ?”

ಮಾವ ಬೆಚ್ಚಿಬಿದ್ದು ಕೈ ತೆಗೆದು ಅಂಗಿಗೆ ಒರೆಸಿಕೊಂಡರು.

“ಅಂಗಿಗಲ್ಲ!”

ಅವರು ಎರಡೂ ಕೈ ಬೆನ್ನ ಹಿಂದೆ ಅಡಗಿಸಿಕೊಂಡು ಅವಳನ್ನೇ ನೋಡಿದರು. ಮುಖ ಇಷ್ಟಿಷ್ಟೇ ಅರಳಿತು.

“ಇನ್ನೊಂದ್ಸಲ ಬೈಯಮ್ಮ” ಎಂದರು. “ಸರಿಯಾಗಿ ಕೇಳಿಸ್ಲಿಲ್ಲ.”