ಹೊಲಿದಿಟ್ಟ ಹಾಳೆ

ಮೋನಮ್ಮ ಓಡಿಹೋಗಿ ಮಗಳ ಕೈಯಿಂದ ಪುಸ್ತಕ ಕಸಿದುಕೊಂಡಳು. ಏಳು ವರ್ಷದ ಸುಗಲಾ ಎರಡು ಹಾಳೆಗಳ ನಡುವೆ ಬೆರಳು ತೂರಿಸಿ, ಕರಿ ಉಣ್ಣೆಯ ಹೊಲಿಗೆ ಬಿಚ್ಚಲು ನೋಡುತ್ತಿದ್ದಳು.

“ಅದನ್ನ ತಗೀಬ್ಯಾಡ!”

ಅಂಗಳದಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಮೋನಮ್ಮನ ಅಪ್ಪ ಅಮೋಘಸಿದ್ದನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ಭಂಡಾರದ ಅರಿಶಿನ ಬಳಿದಿದ್ದರು. ಹೆಗಲ ಮೇಲೆ ಅವನದೇ ಕಂಬಳಿ. ಭಂಡಾರಕ್ಕಾಗಿ ಅವನ ಚೀಲ ಸುರಿದಾಗ ಈ ಚಿತ್ರದ ಪುಸ್ತಕವೂ ಬಿದ್ದಿತ್ತು. ಮೋನಮ್ಮನ ಮಕ್ಕಳಿಬ್ಬರೂ ಅದನ್ನೆತ್ತಿಕೊಂಡು ಮೂಲೆ ಸೇರಿದ್ದರು.

“ಇದರಾಗ ತೆಲುಗು ಅಕ್ಷರನೇ ಇಲ್ಲವ್ವಾ,” ಎಂದಳು ಸುಗಲಾ. ತಾಂಡೂರಿನಲ್ಲಿ ಹುಟ್ಟಿ ಅಲ್ಲೇ ಸಾಲೆಗೆ ಹೋಗುವವಳು. “ನಿನಗ ಓದಾಕ ಬರ್ತದೇನು?”

“ಕನ್ನಡ ಅದು. ನನಗೂ ಬರಲ್ಲ. ಮುತ್ಯಾ ಚಿತ್ರ ನೋಡಿ ಕತಿ ಹೇಳ್ತಿದ್ದ.”

“ಮತ್ತ ಇದನ್ಯಾಕ ಹೊಲ್ದಾರ?”

ಮೋನಮ್ಮ ಪುಸ್ತಕ ಮುಚ್ಚಿ ಎದೆಗವಚಿಕೊಂಡಳು. ಇಬ್ಬರು ಮಕ್ಕಳನ್ನು ಹೆತ್ತಿದ್ದರೂ ಆ ಹೊಲಿಗೆ ಕಂಡೊಡನೆ ಅವಳ ಅಂಗೈ ಬೆವೆತುಹೋಗಿತ್ತು.

*

ಅವಳಿಗೆ ಆರು ತುಂಬಿದ ವರ್ಷ, ಕಂಬಳಿ ಮಾರಲು ಜಹೀರಾಬಾದ್ ಸಂತೆಗೆ ಹೋದ ಅಪ್ಪ ಆ ಪುಸ್ತಕ ತಂದಿದ್ದ. ರಾಜ್ಯ ಒಡೆದು, ಕಂಗ್ಟಿ ಸೀಮೆಯ ಅವರ ಊರು ಆಂಧ್ರದ ಪಾಲಾಗಿ, ಸಾಲೆಗೆ ತೆಲುಗು ಮಾಸ್ತರರು ಬಂದಿದ್ದ ಕಾಲ. ಅಪ್ಪನಿಗಂತೂ ಯಾವ ಅಕ್ಷರವೂ ಬಾರದು. ಆದರೆ ಚಿತ್ರದ ಮೇಲೆ ಬೆರಳಿಟ್ಟನೆಂದರೆ ಕತೆ ಹರಿಯುತ್ತಿತ್ತು. ಆನೆ ನಾರಾಯಣಖೇಡದಲ್ಲಿ ಹೆಣ್ಣು ನೋಡಿ ಬರುತ್ತಿತ್ತು, ನವಿಲಿಗೆ ಹಲ್ಲುನೋವು ಬರುತ್ತಿತ್ತು.

ಒಂದು ಹಾಳೆ ತಿರುವಿದಾಗ ತೋಳ ಬಂತು. ಅದು ಏನನ್ನೂ ಹಿಡಿದಿರಲಿಲ್ಲ. ಸುಮ್ಮನೆ ನಿಂತು, ನೇರವಾಗಿ ನೋಡುತ್ತಿತ್ತು. ಅಪ್ಪನ ಬೆರಳು ನಿಂತಿತು. ಕತೆಯೂ ನಿಂತಿತು. ಮೋನಮ್ಮ ತಲೆಯೆತ್ತಿ ಅವನ ಮುಖ ನೋಡಿದವಳೇ ಕಿಟಾರನೆ ಕಿರುಚಿದಳು.

ಮರುದಿನ ಅವನು ದಬ್ಬಣ ಹಿಡಿದು ಆ ಹಾಳೆಯನ್ನು ಎದುರಿನ ಹಾಳೆಗೆ ಸೇರಿಸಿ ಹೊಲಿದುಬಿಟ್ಟ. “ನನ್ನ ಮಗಳು ಅಂಜ್ತಾಳ,” ಎಂದು ಕೇಳಿದವರಿಗೆಲ್ಲ ಹೇಳಿದ. ಅಂದಿನಿಂದ ಊರಿಗೆ ಅವಳು ಅಂಜುಬುರುಕಿ. ಹೊತ್ತು ಮುಳುಗಿದರೆ ಹೊಸ್ತಿಲು ದಾಟುತ್ತಿರಲಿಲ್ಲ. ತಾಂಡೂರಿನ ಸಂಸಾರದಲ್ಲೂ ಅಷ್ಟೇ: ಬಿಸಿಲಿರುವಾಗಲೇ ಮಕ್ಕಳನ್ನು ಒಳಗೆಳೆದು ಅಗಳಿ ಹಾಕುವಳು, ಗಂಡ ಬಂದು ಬಾಗಿಲು ಬಡಿದರೂ ಎದೆ ಹಾರುವುದು.

*

“ಅಮೋಘಸಿದ್ದನಂಥ ಗಂಡೆದಿ ನಮ್ಮ ಸೀಮ್ಯಾಗ ಇನ್ನೊಬ್ಬಂದಿಲ್ಲ,” ಎನ್ನುತ್ತಿದ್ದ ಅಂಗಳದಲ್ಲಿ ಕೂತ ಊರ ಹಿರಿಯ ಖಂಡೆಪ್ಪ. “ಇಷ್ಟು ವರ್ಷದಾಗ ಒಂದಿನಾನೂ ಮನ್ಯಾಗ ಮಲಗಲಿಲ್ಲ ನೋಡ್ರಿ. ಬಡಗಿಕೋಲು ಹಿಡಕೊಂಡು ಕುರಿದೊಡ್ಡಿ ಬಾಗಲದಾಗೇ ಕೂತಿರ್ತಿದ್ದ.”

ಗಂಡನ ಹೆಣದ ಪಕ್ಕದಲ್ಲಿದ್ದ ಮಾಳಮ್ಮ ಎದ್ದು ಒಳಗೆ ಹೋದಳು. ಮೋನಮ್ಮ ಪುಸ್ತಕ ಹಿಡಿದೇ ಅವ್ವನ ಹಿಂದೆ ಹೋದಳು.

“ಆ ಹೊಲಿಗಿ ನಿನ್ನ ಸಲುವಾಗಿ ಹಾಕಿದ್ದಲ್ಲ,” ಎಂದಳು ಮಾಳಮ್ಮ ದನಿ ತಗ್ಗಿಸಿ. “ತನ್ನ ಸಲುವಾಗಿ ಹಾಕ್ಕೊಂಡಿದ್ದ.”

“ಏನಂತಿ ಯವ್ವಾ?”

“ನೀ ಎಂಟು ತಿಂಗಳ ಕೂಸು. ರಾಯಿಕೋಡ್ ಕಡೀ ಕುರಿ ಹೊಡಕೊಂಡು ಹೋಗಿದ್ದಿವಿ. ಮುಂಜಾನಿ ನಾ ನೀರು ತಗೊಂಡು ಬಂದ್ರ, ಕಂಬಳಿ ಮ್ಯಾಲ ನೀ ಮಲಗೀದಿ, ಬಾಜೂಕ ತೋಳ ನಿಂತದ. ನಿನ್ನ ಮೂಸಿ ನೋಡ್ತದ. ನಿಮ್ಮಪ್ಪ ಅಲ್ಲೇ, ನಾಕು ಮಾರು ದೂರ. ಕೈಯಾಗ ಬಡಗಿ ಅದ, ಕಾಲು ಏಳವಲ್ದು. ಬಾಯಿಂದ ಒಂದು ಶಬ್ದ ಬರವಲ್ದು. ನಾನೇ ಕೊಡ ಎತ್ತಿ ಒಗದೆ. ಓಡಿಹೋತು.”

ಮೋನಮ್ಮ ಕೈಯಲ್ಲಿದ್ದ ಪುಸ್ತಕದ ಹೊಲಿಗೆಯ ಮೇಲೆ ಬೆರಳಾಡಿಸಿದಳು.

“ಆವತ್ತಿನಿಂದ ಆಂವಗ ರಾತ್ರಿ ಕಣ್ಣು ಮುಚ್ಚಾಕ ಆಗಲಿಲ್ಲ. ಮಂದಿ ಅದಕ್ಕ ಧೈರ್ಯ ಅಂದ್ರು. ಯಾರ ಮುಂದೂ ಹೇಳಬ್ಯಾಡಂತ ನನ್ನ ಕೈ ಹಿಡದು ಬೇಡ್ಕೊಂಡಿದ್ದ.”

“ಎಲ್ಲಾರೂ ನನಗ ಅಂಜುಬುರುಕಿ ಅಂದ್ರು. ಅಪ್ಪ ಸುಮ್ಮಕಿದ್ದ.”

“ಹೂಂ. ಸುಮ್ಮಕಿದ್ದ,” ಎಂದಳು ಮಾಳಮ್ಮ.

ಮೋನಮ್ಮ ಹೊರಗೆ ಬಂದು ಮಕ್ಕಳ ನಡುವೆ ಕೂತಳು. ಉಣ್ಣೆಯ ಎಳೆಯನ್ನು ಹಲ್ಲಿನಿಂದ ಕಡಿದಳು. ಅಂಟಿಕೊಂಡಿದ್ದ ಹಾಳೆಗಳು ಚರ್ರೆಂದು ಬಿಟ್ಟವು. ಅಲ್ಲಲ್ಲಿ ಹುಳ ತಿಂದಿದ್ದರೂ ತೋಳದ ಆ ಕಣ್ಣುಗಳು ಹಾಗೇ ಇದ್ದವು, ನೇರವಾಗಿ ನೋಡುತ್ತಿದ್ದವು. ನಾಲ್ಕು ವರ್ಷದ ಮಗ ಮರೆಪ್ಪ ಅವಳ ತೋಳಿಗೆ ಮುಖ ಒತ್ತಿದ.

“ಅವ್ವಾ, ಅಂಜಿಕಿ ಬರ್ತದ.”

“ನನಗೂ ಬರ್ತದಪ್ಪಾ.” ಅವಳು ಹಾಳೆ ಮುಚ್ಚಲಿಲ್ಲ. “ಮುತ್ಯಾಗೂ ಬರ್ತಿತ್ತು.”

“ಮುತ್ಯಾಗಾ?” ಸುಗಲಾ ತಿರುಗಿ, ಕಂಬಳಿ ಹೊದ್ದು ಕೂತಿದ್ದ ಅಜ್ಜನನ್ನು ಬಹಳ ಹೊತ್ತು ನೋಡಿದಳು.

*

ಮಧ್ಯಾಹ್ನ ಇಳಿದ ಮೇಲೆ ಹೊಲದ ಬದುವಿನಲ್ಲಿ ಅಮೋಘಸಿದ್ದನನ್ನು ಮಣ್ಣು ಮಾಡಿದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಜೊತೆಗಾರ ಕುರುಬ ಪೋಚಪ್ಪ ತನ್ನ ಪಾಲಿನದು ಹಾಕಿ, “ಕುರಿ ಹಸದಾವ,” ಎಂದು ಅಡವಿಗೆ ಹೊರಟುಹೋದ. ಗಂಡಸರು ಸ್ನಾನಕ್ಕೆ ಬಾವಿಗೆ ನಡೆದರು.

ಹೊತ್ತು ಮುಳುಗುವಾಗ ದೂರದಲ್ಲಿ ಧೂಳೆದ್ದಿತು. ಅದರ ಹಿಂದಿನಿಂದ ಪೋಚಪ್ಪನ ಕೂಗು:

“ಯಾರರ ದೊಡ್ಡಿ ತಗೀರೆವ್ವಾ! ಕುರಿ ಬಂದ್ವು!”

ದೊಡ್ಡಿ ಇದ್ದದ್ದು ಊರ ಹೊರಗೆ, ಕುರುಚಲು ಗಿಡಗಳ ಅಂಚಿಗೆ. ಬೇರೆ ಯಾರಾದರೂ ಎದ್ದಾರೆಂದು ಮೋನಮ್ಮ ಕಾದಳು. ಗಂಡಸರು ಇನ್ನೂ ಬಂದಿರಲಿಲ್ಲ. ಮಾಳಮ್ಮ ಮೊಣಕಾಲಲ್ಲಿ ತಲೆಯಿಟ್ಟು ಕೂತಿದ್ದಳು.

ಮಕ್ಕಳನ್ನು ಅವ್ವನ ಬಳಿ ಕೂರಿಸಿ ಮೋನಮ್ಮ ನಡೆದಳು. ಮನೆಗಳು ಮುಗಿದವು. ದೊಡ್ಡಿಯ ಆಚೆ ಗಿಡಗಳಲ್ಲಿ ಏನೋ ಸರಕ್ಕೆಂದಿತು. ನಾಯಿಯೋ, ಗಾಳಿಯೋ, ತಿಳಿಯಲಿಲ್ಲ. ಅವಳು ಅತ್ತಲೇ ಕಣ್ಣು ನೆಟ್ಟು ಮುಳ್ಳುಕಂಟಿಯ ಕದ ಎಳೆದು ಹಿಡಿದಳು.

ಕೈ ನಡುಗುತ್ತಿತ್ತು. ಅದರ ನಡುಕಕ್ಕೆ ಒಣಮುಳ್ಳೆಲ್ಲ ಗಲಗಲ ಸದ್ದು ಮಾಡಿತು. ಮುಂದಿದ್ದ ಟಗರು ಗಕ್ಕನೆ ನಿಂತು ಕಿವಿ ನಿಮಿರಿಸಿತು. ಹಿಂಡಿಗೆ ಹಿಂಡೇ ನಿಂತಿತು. ಅವಳು ಕದ ಬಿಡಲಿಲ್ಲ. ಕೊನೆಗೆ ಟಗರು ತಲೆ ತಗ್ಗಿಸಿ, ಅವಳ ಮೊಣಕಾಲಿಗೆ ಮೈ ಸವರಿಕೊಂಡು ಒಳಗೆ ಹೋಯಿತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು.